ಉಜ್ಜಿದರೂ ಹೋಗದ ಕಪ್ಪು

"ಇನ್ನು ಯಾತರಲ್ಲಿ ಉಜ್ಜಲಿ ಹೇಳಿ, ಡಾಕ್ಟ್ರಮ್ಮಾ? ಇದ್ದಿಲಾಯ್ತು, ದಡದ ಮರಳಾಯ್ತು. ಹೋಗ್ತಾನೇ ಇಲ್ಲ!"

ಅಕೆಯೊ ಎಂಬ ಪುಟ್ಟಿಯ ತಾಯಿ ಮಗಳ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಿದಳು. ಐದು ವರ್ಷದ ಹುಡುಗಿಯ ಮುಂದಿನ ಹಾಲುಹಲ್ಲುಗಳ ಮೇಲೆ ಕಪ್ಪು ಮಚ್ಚೆ. ವಸಡು ಗೀರಿಹೋಗಿ ಬಾತುಕೊಂಡಿತ್ತು. ಹಲ್ಲಿನ ನರ್ಸ್ ರಿಸ್ಪಾಗೆ ಕಂಡ ಕೂಡಲೇ ಗೊತ್ತಾಯಿತು.

ಆ ಕಪ್ಪು ಅವಳದೇ ಕೈಕೆಲಸ. ಕಳೆದ ತಿಂಗಳು ವಿಕ್ಟೋರಿಯಾ ಸರೋವರದ ದಡದ ಈ ಶಿಶುವಿಹಾರಕ್ಕೆ ಬಂದು, ಮಕ್ಕಳ ಹುಳುಕು ಹಲ್ಲಿಗೆಲ್ಲ ಬೆಳ್ಳಿಯ ಔಷಧಿ ಹಚ್ಚಿ ಹೋಗಿದ್ದಳು. ಕ್ರಿಮಿಯನ್ನು ಕೊಂದು ಹಲ್ಲು ಉಳಿಸುವ, ನೋವೇ ಇಲ್ಲದ ಔಷಧಿ. ಒಂದೇ ಕೊರತೆಯೆಂದರೆ ಹುಳುಕಿದ ಜಾಗ ಕಪ್ಪಾಗುತ್ತದೆ, ಆ ಹಲ್ಲು ಬೀಳುವವರೆಗೂ ಹೋಗುವುದಿಲ್ಲ. ಪಕ್ಕದ ಊರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೊರಟುಬಿಟ್ಟಿದ್ದರು. ಹಾಗಾಗಿ ಇಲ್ಲಿ "ಹುಳುಕು ನಿಲ್ಲಿಸೋ ಔಷಧಿ" ಎಂದಷ್ಟೇ ಹೇಳಿ ಒಪ್ಪಿಸಿದ್ದಳು. ಎಂಥ ಜಾಣತನ!

"ತಪ್ಪು ನಂದೇ ಬಿಡಿ," ಎಂದಳು ತಾಯಿ. "ಒಮೆನಾ ಮೀನು ಬಿಸಿಲಿಗೆ ಹರವೋಕೆ ಹೋಗುವಾಗ, ಇವಳು ಅಳದೆ ಇರ್ಲಿ ಅಂತ ಸಕ್ಕರೆ ಚಹಾ ಕೊಟ್ಟು ಕೂರಿಸ್ತಿದ್ದೆ. ನೀವು ಪಾಪ, ಔಷಧಿ ಹಾಕಿದ್ರಿ. ಅಷ್ಟಾದ್ರೂ ಕೊಳೀತಲ್ಲ! ನಮ್ಮತ್ತೆ ಆ ಕಾಲದವರು, ನಮ್ಮ ಕುಲದ ಶಾಸ್ತ್ರ ಅಂತ ಕೆಳಗಿನ ಆರು ಹಲ್ಲೂ ಕೀಳಿಸ್ಕೊಂಡವರು. ಅವರೂ ಆಡ್ಕೋತಾರೆ, 'ನನ್ನ ಬೋಡುಬಾಯೇ ಲಕ್ಷಣವಾಗಿದೆ, ನಿನ್ನ ಮಗಳದ್ದು ನೋಡು' ಅಂತ. ಅದಕ್ಕೇ ದಿನಾ ಬೆಳಿಗ್ಗೆ ತೊಡೆ ನಡುವೆ ಸಿಕ್ಕಿಸ್ಕೊಂಡು ಉಜ್ತೀನಿ. ಕಿರುಚ್ತಾಳೆ. ನಾನು ಬಿಡಲ್ಲ."

ವಸಡಿಗೆ ಮುಲಾಮು ಕೊಟ್ಟು ಕಳಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ರಿಸ್ಪಾ ಮುಲಾಮಿನ ಡಬ್ಬಿಯನ್ನು ಕೈಗೂ ತೆಗೆದುಕೊಂಡಳು. ಆದರೆ ಆ ತಾಯಿ ನಾಳೆ ಬೆಳಿಗ್ಗೆ ಮತ್ತೆ ಇದ್ದಿಲು ಹಿಡಿಯುತ್ತಾಳೆ. ರಿಸ್ಪಾ ಡಬ್ಬಿಯನ್ನು ಕೆಳಗಿಟ್ಟಳು.

"ಉಜ್ಜಬೇಡಿ, ಅಕೆಯೊ ಅಮ್ಮಾ. ಅದು ಕೊಳೆತದ್ದಲ್ಲ, ಹಲ್ಲು ಗಟ್ಟಿಯಾಗಿದೆ. ಕಪ್ಪು ಮಾಡಿದ್ದು ನನ್ನ ಔಷಧಿ."

"ಹಾಗಾಗತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಹೇಳಿದ್ರೆ ನೀವು ಬೇಡ ಅಂತೀರಿ ಅಂತ ಹೇಳ್ಲಿಲ್ಲ."

ಬೈಗುಳಕ್ಕೆ ರಿಸ್ಪಾ ತಲೆ ತಗ್ಗಿಸಿ ಕಾದಳು. ತಾಯಿ ತನ್ನ ಅಂಗೈಗಳನ್ನೇ ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ನೆಲಕ್ಕೆ ಮಂಡಿಯೂರಿ ಮಗಳತ್ತ ಕೈ ಚಾಚಿದಳು.

"ಬಾರೇ ಕಂದಾ. ಎಲ್ಲಿ, ಬಾಯಿ ತೆಗಿ, ನೋಡ್ತೀನಿ."

ಅಕೆಯೊ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಹಿಂದಕ್ಕೆ ಸರಿಯುತ್ತಾ ಹೋಗಿ ರಿಸ್ಪಾಳ ಬಿಳಿ ಕೋಟಿನ ಹಿಂದೆ ಅವಿತುಕೊಂಡಳು.