ಮಂಡಿಯ ಜವಾಬ್ದಾರಿ

ಹಾಕಿ ತಂಡದ ಮ್ಯಾನೇಜರ್‌ಗೆ ಇದ್ದ ತಲೆನೋವು ಒಂದೇ: ಭಾಮೈದ. ತಂಡದ ಒಡೆಯರು ಹೆಣ್ಣು ಕೊಟ್ಟ ಮಾವ, ಅವರ ಪುತ್ರರತ್ನ ಮೀಸಲು ಆಟಗಾರ. ಮೈದಾನಕ್ಕಿಳಿದಿದ್ದಕ್ಕಿಂತ ಬೆಂಚು ಸವೆಸಿದ್ದೇ ಹೆಚ್ಚು, ಸಂಬಳ ಮಾತ್ರ ನಾಯಕನಿಗೆ ಸಮ. ಅಷ್ಟಾದರೆ ಸಹಿಸಬಹುದಿತ್ತು. ಕೂತಲ್ಲಿಂದಲೇ ಭಾವನ ಪ್ರತಿ ತೀರ್ಮಾನದಲ್ಲೂ ಹುಳುಕು ಹುಡುಕಿ ಅಪ್ಪನ ಕಿವಿ ಊದುತ್ತಿದ್ದ. ಅವನ ಕಣ್ಣು ಮ್ಯಾನೇಜರ್ ಕುರ್ಚಿಯ ಮೇಲಿತ್ತು.

ಅವನನ್ನು ಕಿತ್ತುಹಾಕಿ ಎಂದು ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಅನ್ನ ನೀರು ಹುಟ್ಟುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೀಗಿರುವಾಗ ಬೇರೊಂದು ತಂಡ, ‘ಸಿಡಿಲು’ ಎಂದೇ ಹೆಸರಾದ ತನ್ನ ಮುಂಚೂಣಿ ಆಟಗಾರನನ್ನು ಬಿಟ್ಟುಕೊಡಲು ಮುಂದೆ ಬಂತು. ಮ್ಯಾನೇಜರ್‌ಗೆ ಕೋಲು ಸಿಕ್ಕಿತು.

ಲೀಗಿನ ನಿಯಮ ಸರಳ. ಆಟಗಾರರ ಸಂಬಳವೆಲ್ಲ ಸೇರಿ ಒಂದು ಮಿತಿ ದಾಟಬಾರದು. ದಾಟಿದರೆ ಅಂಕಕ್ಕೆ ಕತ್ತರಿ.

ಮಾವನ ಕೋಣೆಯಲ್ಲಿ ತಂಡದ ಡಾಕ್ಟರು ಮೊದಲೇ ಅಡ್ಡಗಾಲು ಹಾಕಿದರು. “ಆ ಸಿಡಿಲಿನ ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ ಸಾರ್. ನಾಲ್ಕು ವರ್ಷದ ಕರಾರು ಬೇರೆ. ಮಂಡಿ ಕೈಕೊಟ್ಟು ಮಲಗಿದ್ರೂ ಸಂಬಳ ಮಿತಿಯೊಳಗೇ ಲೆಕ್ಕ. ಆಮೇಲೆ ಇನ್ನೊಬ್ಬನನ್ನ ತರೋಕೂ ಜಾಗ ಇರಲ್ಲ.”

ಬೇರೆ ದಿನವಾಗಿದ್ದರೆ ಈ ಮಾತನ್ನು ಮ್ಯಾನೇಜರೇ ಆಡುತ್ತಿದ್ದ. ಇವತ್ತು ಎದೆ ತಟ್ಟಿಕೊಂಡ. “ಆ ಮಂಡಿಗೆ ನಾನು ಜವಾಬ್ದಾರಿ, ಮಾವ!”

“ಮಿತಿ ದಾಟಲ್ವಾ ಅಳಿಯಂದ್ರೇ?”

“ದಾಟುತ್ತೆ. ಒಬ್ಬರನ್ನ ಬಿಡಬೇಕಾಗುತ್ತೆ.” ಮುಖದ ಮೇಲೆ ಇಲ್ಲದ ಸಂಕಟ ತಂದುಕೊಂಡ. “ನಾಯಕನನ್ನ ಬಿಡೋ ಹಾಗಿಲ್ಲ. ಇನ್ನು ಅಷ್ಟು ಸಂಬಳ ಇರೋದು... ಹೇಳೋಕೆ ಬಾಯೇ ಬರ್ತಿಲ್ಲ, ಮಾವ.”

ಮಾವ ಕಿಟಕಿಯಾಚೆ ನೋಡಿದರು. ಅಭ್ಯಾಸದ ಹೊತ್ತಿನಲ್ಲೂ ಪುತ್ರರತ್ನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅವರು ನಿಟ್ಟುಸಿರು ಬಿಟ್ಟರು. ಮ್ಯಾನೇಜರ್‌ನ ಹೊಟ್ಟೆಯೊಳಗೆ ಹಾಲು ಸಕ್ಕರೆ.

“ಅದಿರಲಿ, ನಿಮ್ಮ ಸಂಬಳ ಆ ಮಿತಿಯೊಳಗೆ ಬರುತ್ತಾ?”

ಸಂಬಳ ಏರಿಸುವ ಯೋಚನೆಯೇ ಇರಬೇಕು! ಮ್ಯಾನೇಜರ್ ಉಬ್ಬಿಹೋದ. “ಎಲ್ಲಾದ್ರೂ ಉಂಟೇ ಮಾವ! ಮಿತಿ ಆಟಗಾರರಿಗೆ ಮಾತ್ರ. ಮ್ಯಾನೇಜರ್‌ಗೆ ನೀವು ಎಷ್ಟು ಬೇಕಾದ್ರೂ ಕೊಡಬಹುದು.”

“ಹೌದಾ?” ಎಂದರು ಮಾವ. ಅವರ ಮುಖ ಮೊದಲ ಬಾರಿ ಅರಳಿತು.

ಸಿಡಿಲು ಬಂದ. ಭಾಮೈದನ ಹೆಸರು ಆಟಗಾರರ ಪಟ್ಟಿಯಿಂದ ಹೋಯಿತು. ಆ ಬೆಳಗ್ಗೆ ಮ್ಯಾನೇಜರ್ ಸಿಳ್ಳೆ ಹಾಕುತ್ತ ತನ್ನ ಕೋಣೆಯ ಬಾಗಿಲು ತಳ್ಳಿದರೆ, ಕುರ್ಚಿಯಲ್ಲಿ ಭಾಮೈದ ಕೂತಿದ್ದ. ಪಕ್ಕದಲ್ಲಿ ಮಾವ.

“ನಿಮ್ಮ ಮಾತಿನ ಹಾಗೇ ಮಾಡಿದೆ ಅಳಿಯಂದ್ರೇ. ಇವನ ಸಂಬಳ ಈಗ ಮಿತಿಯಿಂದ ಆಚೆ.”

“ಮತ್ತೆ... ನಾನು?”

“ಮಂಡಿ ಜವಾಬ್ದಾರಿ ನಿಮ್ಮದು ಅಂದ್ರಲ್ಲ.”

ತೋಡಿದ ಗುಂಡಿ ಎಷ್ಟು ಆಳವಿದೆಯೆಂದು ತೋಡಿದವನಿಗೇ ಆಗ ತಿಳಿಯಿತು.

ಈಗ ಪ್ರತಿ ಅಭ್ಯಾಸ ಮುಗಿದ ಮೇಲೆ ಸಿಡಿಲು ಬೆಂಚಿನ ಮೇಲೆ ಕಾಲು ಚಾಚುತ್ತಾನೆ. ಹಳೆಯ ಮ್ಯಾನೇಜರ್ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಮಂಡಿಗೆ ಐಸ್ ಚೀಲ ಒತ್ತುತ್ತಾನೆ. ಮೇಲಿನ ಕಿಟಕಿಯಿಂದ ದನಿ ಕೇಳುತ್ತದೆ:

“ಭಾವಾ, ಮಂಡಿ ಹೇಗಿದೆ?”

“ಗಟ್ಟಿಯಾಗಿದೆ ಕಣಪ್ಪ,” ಎನ್ನುತ್ತಾನೆ ಇವನು, ತನ್ನ ಮಂಡಿ ಉಜ್ಜಿಕೊಳ್ಳುತ್ತ.