ಇದು ಯಾರ ಮಾತು

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಈ ಮೂರೂ ಊರುಗಳಲ್ಲಿ ನನ್ನ ದನಿ ಕೇಳದವರಿಲ್ಲ, ಜೋಗಪ್ಪ ಅಂದರೆ ಯಾರೆಂದು ಗೊತ್ತಿರುವವರೂ ಇಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಆಟೋದ ಮೈಕಿನಲ್ಲಿ ಹೇಳುವವನು ನಾನು. ಸೀರೆಯ ಸೇಲು, ಪೋಲಿಯೋ ಹನಿ, ತೀರಿಕೊಂಡವರ ಸುದ್ದಿ, ಎಲ್ಲಕ್ಕೂ ನನ್ನದೇ ದನಿ. ಕಂಟೋನ್ಮೆಂಟಿನ ಒಂದು ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿ ಕಳಿಸುತ್ತೇನೆ. ಸದ್ದು ಗುಂಯ್ಗುಡಬಾರದೆಂದು ನಾಲ್ಕೂ ಗೋಡೆಗೆ ಕೌದಿ ಹೊಡೆದಿದ್ದೇನೆ. ಅವನ್ನು ಹೊಲಿದವಳು ನನ್ನ ಹೆಂಡತಿ ಯಂಕಮ್ಮ. ಅವಳು ತೀರಿಹೋಗಿ ಆರು ವರ್ಷವಾಯಿತು. ಆ ಕೋಣೆಯಲ್ಲಿ ಕೆಮ್ಮಿದರೆ ಕೆಮ್ಮು ಕೂಡ ಅಲ್ಲೇ ಇಂಗಿಹೋಗುತ್ತದೆ.

ಸಂಜೆ ಐದಕ್ಕೆ ಅಲ್ಲಿಗೆ ಬರುತ್ತಿದ್ದವನು ಖಾದರಸಾಬ್ ಒಬ್ಬನೇ. ಮೊಪೆಡ್ ಮೇಲೆ ಹಳ್ಳಿಹಳ್ಳಿ ತಿರುಗಿ, ಹೆಂಗಸರು ಬಾಚಿ ಕೂಡಿಟ್ಟ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ-ಬಾಂಡೆ ಕೊಡುವುದು ಅವನ ವ್ಯಾಪಾರ. ಅವನ ಗಾಡಿಯ ಸ್ಪೀಕರಿನಲ್ಲಿ ಕೂಗುತ್ತಿದ್ದುದೂ ನಾನೇ: "ತಲಿಗೂದಲಾ ಕೊಡ್ರಿ, ಹೊಸಾ ಬಾಂಡೆ ತಗೋರಿ." ರೂಪನಗುಡಿಯಲ್ಲಿ ಒಬ್ಬಳು ನನ್ನ ದನಿಗೆ ಮರುಳಾಗಿ ಇದ್ದ ಜಡೆಯನ್ನೇ ಕತ್ತರಿಸಿ ಕೊಡಲು ಬಂದಳೆಂದು ನನ್ನನ್ನು ಕಾಡಿಸುತ್ತಿದ್ದ. ಶುದ್ಧ ಸುಳ್ಳು, ಆದರೂ ಖುಷಿಯಾಗುತ್ತಿತ್ತು. ಚಹಾದ ಆ ಒಂದು ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಅದನ್ನು ಅವನಿಗೆ ಯಾವತ್ತೂ ಹೇಳಲಿಲ್ಲ.

ಹೋದ ಶ್ರಾವಣದಲ್ಲಿ ಹಂಪೇಶ್ ಎಂಬುವನು ಬಂದ. ಮನೆಗಳ ಬಾಗಿಲಿಗೆ ಕ್ಯಾಮೆರಾ ಹಾಕಿಕೊಡುವ ವ್ಯಾಪಾರಿ. ಈ ಕಡೆಯ ಜನಕ್ಕೆ ಅಂಜಿಕೆಯೇ ಇಲ್ಲ, ಮಾಲು ಹೇಗೆ ಹೋಗಬೇಕು ಎಂದು ಬೇಸರ ಮಾಡಿಕೊಂಡ. ಮಕ್ಕಳ ಕಳ್ಳರು ಬಂದಿದ್ದಾರೆ, ಅಪರಿಚಿತರನ್ನು ನಂಬಬೇಡಿ ಎಂದು ಒಂದು ಚೀಟಿ ಬರೆದು ತಂದಿದ್ದ. ಕಳ್ಳರು ಎಲ್ಲಿ ಬಂದರು ಎಂದು ಕೇಳಿದೆ. ಬಂದರೂ ಬರಬಹುದಲ್ಲ ಎಂದ. ಅಂಗಡಿಯ ಹೆಸರು ಹೇಳುವುದು ಬೇಡ, ಹೆದರಿದವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂದೂ ಹೇಳಿದ.

ನಮ್ಮಪ್ಪ ಊರಲ್ಲಿ ಡಂಗುರ ಸಾರುತ್ತಿದ್ದ. ಹಲಗೆ ಬಡಿದು ಅವನು ಮೊದಲು ಹೇಳುತ್ತಿದ್ದುದು ಇದು ಯಾರ ಮಾತು ಎಂಬುದನ್ನು. ಪಂಚಾಯ್ತಿಯ ಮಾತೋ, ಸಾವ್ಕಾರರ ಮಾತೋ, ಆ ಹೆಸರು ಹೇಳದೆ ಮುಂದಿನದಕ್ಕೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದವರು ಜಗಳಕ್ಕೆ ಹೋಗಬೇಕೆಂದರೆ ಒಂದು ಮನೆಯ ಬಾಗಿಲಾದರೂ ಬೇಕಲ್ಲ ಎನ್ನುತ್ತಿದ್ದ. ಅದು ನನಗೆ ಅವತ್ತೂ ನೆನಪಿತ್ತು. ಆದರೆ ಹಂಪೇಶ್ ನನ್ನ ದನಿಯನ್ನು ಹೊಗಳಿದ, ನಾನು ಉಬ್ಬಿಹೋದೆ.

ಹೆಸರು ಬಿಟ್ಟದ್ದಷ್ಟೇ ಆಗಿದ್ದರೆ ಹೇಗೋ ಇರುತ್ತಿತ್ತು. ಚೀಟಿಯಲ್ಲಿದ್ದ 'ಅಪರಿಚಿತರು' ಎಂಬ ಮಾತು ನನ್ನ ಕಿವಿಗೆ ಸಪ್ಪಗೆ ಕೇಳಿಸಿತು. ಜನ ಹೆದರಬೇಕೆಂದರೆ ಅಂಜಿಕೆಗೆ ಒಂದು ಮುಖ ಬೇಕು, ಕೈಯಲ್ಲಿ ಒಂದು ಚೀಲ ಬೇಕು. ಮೂವತ್ತು ವರ್ಷದ ಕಸುಬು, ನಾಲಿಗೆ ಸುಮ್ಮನಿರಲಿಲ್ಲ. "ಕೂದಲಾ ಕೇಳಾಕ ಬರ್ತಾರ, ಬಾಂಡೆ ತೋರಿಸ್ತಾರ, ಅವರ ಚೀಲದಾಗ ಏನೈತಿ ನೋಡ್ರಿ" ಎಂದು ನಾನೇ ಸೇರಿಸಿದೆ. ಖಾದರಸಾಬನಿಗೆ ಹೊಸ ಕೂಗು ಮಾಡಿಕೊಟ್ಟು ವಾರವಾಗಿತ್ತು, ಆ ಮಾತುಗಳು ಇನ್ನೂ ಬಾಯಲ್ಲೇ ಇದ್ದವು. ಮಾತು ಬಂತು, ಅವನ ನೆನಪು ಬರಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ, ಕೆಲವು ದಿನ ನನಗೇ ನಂಬಿಕೆಯಾಗುವುದಿಲ್ಲ.

ಆಟೋ ಹೊರಡುವ ಮೊದಲೇ ಆ ರೆಕಾರ್ಡು ಫೋನುಗಳಲ್ಲಿ ಓಡಾಡಿತು. ಐದನೆಯ ದಿನ ಸಂಜೆ ಚಹಾ ಕುದಿಸಿ ಕೂತೆ, ಖಾದರಸಾಬ್ ಬರಲಿಲ್ಲ. ಅವನ ಹೆಂಡತಿ ಮಾಬುಬೀ ಫೋನ್ ಮಾಡಿ, ಆಸ್ಪತ್ರೆಯಲ್ಲಿದ್ದೇವೆ ಎಂದಳು.

ಸಿರುಗುಪ್ಪದ ಕಡೆಯ ಸಿರಿಗೇರಿಯಲ್ಲಿ ಅವನನ್ನು ಅಡ್ಡಹಾಕಿದ್ದರು. ಚೀಲ ಸುರಿದು, ಕೂದಲನ್ನೆಲ್ಲ ರಸ್ತೆಗೆ ಚೆಲ್ಲಿದ್ದರು. ಅವನ ಗಾಡಿಯ ಸ್ಪೀಕರು ಇನ್ನೂ ಕೂಗುತ್ತಿರುವಾಗಲೇ ಒಬ್ಬ ತನ್ನ ಫೋನನ್ನು ಅದರ ಪಕ್ಕ ಹಿಡಿದನಂತೆ. ಅತ್ತ ನಾನು ಕೂದಲು ಕೊಡಿ ಎನ್ನುತ್ತಿದ್ದೆ, ಇತ್ತ ನಾನೇ ಅವನನ್ನು ನಂಬಬೇಡಿ ಎನ್ನುತ್ತಿದ್ದೆ. ಜನ ಫೋನಿನೊಳಗಿನ ನನ್ನನ್ನು ನಂಬಿದರು. ಖಾದರಸಾಬನನ್ನು ಹತ್ತು ವರ್ಷದಿಂದ ಬಲ್ಲ ದೊಡ್ಡಬಸಪ್ಪ ಎಂಬ ಮೇಷ್ಟ್ರು ನಡುವೆ ನುಗ್ಗಿದ್ದರಿಂದ ಜೀವ ಉಳಿಯಿತು. ಬಲಗೈ ಮುರಿದಿತ್ತು.

ಆಸ್ಪತ್ರೆಗೆ ಹೋಗಿ ಅವನ ಮುಂದೆ ನಾನು ತಪ್ಪು ಒಪ್ಪಿಕೊಂಡೆ. ಅವನು ನನ್ನತ್ತ ನೋಡದೆ ತಲೆಯಾಡಿಸಿದ, ಅಷ್ಟೇ.

ಮರುದಿನವೇ ಹೊಸದಾಗಿ ರೆಕಾರ್ಡ್ ಮಾಡಿದೆ. ಅಪ್ಪನಂತೆ ಮೊದಲು ಹೆಸರು ಹೇಳಿದೆ: "ಇದು ಜೋಗಪ್ಪನ ಮಾತು. ಮೊದಲು ಹೇಳಿದ್ದು ಸುಳ್ಳು, ಅದೂ ನಂದ ಮಾತು." ಊರೂರಿನ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ, ಯಾರೂ ಮುಂದಕ್ಕೆ ಕಳಿಸಲಿಲ್ಲ. ಹಂಪೇಶ್ ಫೋನ್ ಎತ್ತಲಿಲ್ಲ. ಕೊನೆಗೆ ಆಟೋ ಮಾಡಿಸಿಕೊಂಡು ನಾನೇ ಸಿರಿಗೇರಿಗೆ ಹೋದೆ. ಮೊದಲ ಓಣಿಯಲ್ಲಿ ಒಬ್ಬ ತಾಯಿ ಕಟ್ಟೆಯ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದಳು. ಮೈಕಿನಲ್ಲಿ ನನ್ನ ದನಿ ಬಂದದ್ದೇ ತಡ, ಅರ್ಧ ಜಡೆಯಲ್ಲೇ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ನಾನು ಏನು ಹೇಳುತ್ತಿದ್ದೇನೆಂದು ಆಕೆ ಕೇಳಲೇ ಇಲ್ಲ. ಓಣಿಯ ಕೊನೆಯವರೆಗೂ ಬಾಗಿಲುಗಳು ಮುಚ್ಚುತ್ತಲೇ ಹೋದವು. ಒಳಗೊಳಗೇ ಅತ್ತೆ.

ಎರಡು ತಿಂಗಳ ಮೇಲೆ ಖಾದರಸಾಬ್ ಮತ್ತೆ ವ್ಯಾಪಾರಕ್ಕೆ ಹೊರಟನೆಂದು ಕೇಳಿ ಅವನ ಮನೆಗೆ ಹೋದೆ. ಸಿರುಗುಪ್ಪದ ಕಡೆ ಬಿಟ್ಟು ಕುರುಗೋಡಿನ ಕಡೆಗಷ್ಟೇ ಹೋಗುತ್ತಿದ್ದನಂತೆ. ಮೊಪೆಡ್ಡಿನ ಸ್ಪೀಕರಿನಲ್ಲಿ ಮಾಬುಬೀಯ ದನಿಯಿತ್ತು, ನಡುನಡುವೆ ತಡವರಿಸುತ್ತಿತ್ತು. ಹಿಂದೆ ಎಲ್ಲೋ ಕುಕ್ಕರು ಸೀಟಿ ಹಾಕುತ್ತಿತ್ತು. ಚಹಾ ಕೊಟ್ಟರು. ಹೊಸ ಕೂಗು ಮಾಡಿಕೊಡುತ್ತೇನೆ, ಚೆಂದಗೆ, ಸಂಜೆ ಬಾ ಎಂದೆ. ನೀನು ಬರದೆ ನನಗೆ ಸಂಜೆಗಳೇ ಸಾಗುತ್ತಿಲ್ಲ ಎಂದು, ಇಷ್ಟು ವರ್ಷ ಹೇಳದ್ದನ್ನೂ ಹೇಳಿಬಿಟ್ಟೆ.

ಅವನು ಎಡಗೈಯಿಂದ ಬಲಗೈ ಒತ್ತಿಕೊಂಡ.

"ಸಿಟ್ಟಿಲ್ಲ ಜೋಗಪ್ಪ. ನೀ ಬೇಕಂತ ಮಾಡಿಲ್ಲ, ಗೊತ್ತೈತಿ ನನಗ. ಆದರ ನಿನ್ನ ದನಿ ಕೇಳಿದ್ರ ಅಂಜಿಕಿ ಬರ್ತೈತಿ. ಈಗ ಮಾತಾಡಾಕತ್ತೀಯಲ್ಲ, ಈಗನೂ."

ಚಹಾ ಮುಗಿಸಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟೆ. ಬರ್ತೀನಿ ಎಂದು ಹೇಳಿ ಹೊರಡಬೇಕಿತ್ತು. ಬಾಯಿ ತೆರೆಯದೆ, ಬರೀ ಕೈಸನ್ನೆ ಮಾಡಿ ಹೊಸ್ತಿಲು ದಾಟಿದೆ.