ಹನ್ನೆರಡನೆಯ ಮೊಳೆ

ಹನ್ನೆರಡು — ಇಲ್ಲ, ತಪ್ಪಿರಬೇಕು, ಹೆಬ್ಬೆರಳು ಹನ್ನೆರಡು ಅನ್ನುತ್ತಿದೆ, ಇಬ್ಬನಿಯಲ್ಲಿ ನೆಂದ ಮರ, ಅದರಲ್ಲಿ ತಣ್ಣನೆಯ ಚಪ್ಪಟೆ ತಲೆ, ಲಾಳದ ಮೊಳೆಯೇ, ಅನುಮಾನವಿಲ್ಲ, ಆದರೆ ಹನ್ನೊಂದಕ್ಕೇ ಮುಗಿಯಬೇಕಿತ್ತಲ್ಲ, ಕೆಳಗಿನ ಹಲಗೆಯ ಮೇಲೆ ಇರುವುದು ಹನ್ನೊಂದೇ ಹೆಸರು, ಈ ಗ್ರೋಬೆರ್ಗ್ ಸ್ಕೀ ಜಿಗಿತದ ಗುಡ್ಡದಲ್ಲಿ ದಾಖಲೆ ಮುರಿದವರು ಹನ್ನೊಂದು ಜನ, ಒಬ್ಬೊಬ್ಬರಿಗೂ ಒಂದು ಮೊಳೆ, ಅವರ ಸ್ಕೀ ಹಿಮಕ್ಕೆ ಎಲ್ಲಿ ತಾಗಿತೋ ಅದರ ನೇರಕ್ಕೆ, ಮೆಟ್ಟಿಲ ಪಕ್ಕದ ಈ ಕಟಾಂಜನದಲ್ಲಿ, ಹೊಡೆಯುವ ಹಕ್ಕು ಆ ಜಾಗವನ್ನು ಕಣ್ಣಾರೆ ಕಂಡು ಕೈಚಾಚಿ ತೋರಿಸಿದ ಅಳತೆಗಾರನಿಗೆ ಮಾತ್ರ, ಬೇರೆ ಯಾರೂ ಸುತ್ತಿಗೆ ಮುಟ್ಟುವಂತಿಲ್ಲ, ನನಗೆ ಓದು ಬರುವ ಮೊದಲೇ ಇದು ಗೊತ್ತು, ಈ ಕಣಿವೆಯಲ್ಲಿ ಹುಟ್ಟಿದ ಯಾರಿಗೆ ತಾನೇ ಗೊತ್ತಿಲ್ಲ. ಮತ್ತೆ ಮೇಲಕ್ಕೆ ಹತ್ತುತ್ತೇನೆ, ಮೊಣಕಾಲು ಬೈಯುತ್ತದೆ, ಅರವತ್ತೊಂದು ಮೀಟರಿನಲ್ಲಿ ಮೊದಲನೆಯದು, ಅರವತ್ತನಾಲ್ಕೂವರೆಯಲ್ಲಿ ಎರಡನೆಯದು, ಅರ್ಧ ಮೀಟರನ್ನೂ ಬಿಡದ ಜನ ಇವರು, ಹೀಗೇ ಇಳಿದು ಇಳಿದು ಎಂಬತ್ತೆರಡೂವರೆಯಲ್ಲಿ ಹನ್ನೊಂದನೆಯದು, ಸಾವಿರದ ಒಂಬೈನೂರ ಎಂಬತ್ತೆಂಟು, ಅಲ್ಲಿಂದಾಚೆಗೆ ಬರೀ ಪಾಚಿ ಹಿಡಿದ ಮರ ಇರಬೇಕು, ಇದೆ, ಪಾಚಿ ಇದೆ, ಪಾಚಿಯ ಕೆಳಗೆ, ಎಂಬತ್ತನಾಲ್ಕು ಮೀಟರ್ ಅಂತ ಬರೆದ ತಗಡು ದಾಟಿ, ಇದೂ ಇದೆ. ನಕ್ಷೆ ತೆಗೆದು ನೋಡುತ್ತೇನೆ, ನನ್ನದೇ ನಕ್ಷೆ, ಇಡೀ ಮೆಟ್ಟಿಲ ಸಾಲಿನ ಮೇಲೆ ಕೆಂಪು ಗೆರೆ, ಕೀಳತಕ್ಕದ್ದು, ನನ್ನದೇ ಅಕ್ಷರ, ಗರಗಸದವರು ಹನ್ನೆರಡು ಗಂಟೆಗೆ ಬರುತ್ತಾರೆ, ಹನ್ನೊಂದು ಹೆಸರುಗಳ ಪಟ್ಟಿಯೂ ಇವತ್ತೇ ಕಲ್ಲು ಕೆತ್ತುವವನಿಗೆ ಹೋಗಬೇಕು, ಹೊಸ ಗೋಪುರದ ಗೋಡೆಗೆ. ಹಲಗೆ ನೋಡಿ ಹನ್ನೊಂದು ಅಂತ ಬರೆದುಕೊಂಡವಳು ನಾನೇ, ಕಟಾಂಜನ ಮುಟ್ಟಿ ಎಣಿಸಲಿಲ್ಲ, ವಾಸ್ತುಶಿಲ್ಪಿ ಅಂತೆ ನಾನು, ನಾಚಿಕೆಯಾಗಬೇಕು.

ಯಾರೋ ಊಟದ ಚೀಲ ನೇತುಹಾಕೋಕೆ ಹೊಡೆದಿರ್ತಾರೆ ಬಿಡಿ ಹೆರ್ದಿಸ್, ರಿಮಾಂತಸ್ ಹೇಳುತ್ತಾನೆ, ನಮ್ಮ ಮೇಸ್ತ್ರಿ, ಲಿಥುವೇನಿಯಾದವನು, ಹತ್ತು ವರ್ಷದಿಂದ ಇಲ್ಲಿದ್ದಾನೆ, ಎಲ್ಲಕ್ಕೂ ಅವನ ಹತ್ತಿರ ಒಂದು ಸುಲಭದ ಕಾರಣ ಇರುತ್ತದೆ, ಆದರೆ ಮರದ ಮಟ್ಟಕ್ಕೆ ಹೊಡೆದು ಕೂರಿಸಿದ ಮೊಳೆಗೆ ಏನನ್ನು ನೇತುಹಾಕುತ್ತೀಯ ಮಹರಾಯ, ಬೆರಳೂ ಸಿಕ್ಕಿಕೊಳ್ಳುವುದಿಲ್ಲ. ಮರ ಸೀಳಿತ್ತೋ ಏನೋ, ಅದಕ್ಕೆ ಹೊಡೆದದ್ದೋ, ಇಲ್ಲ, ಸೀಳು ಎಲ್ಲೂ ಇಲ್ಲ, ಉಗುರಿನಿಂದ ಕೆರೆಯುತ್ತೇನೆ, ಉಳಿದ ಹನ್ನೊಂದರ ಹಾಗೆಯೇ ಮೊಳೆಯ ಸುತ್ತ ಟಾರು ಬಳಿದಿದ್ದಾರೆ, ನೀರು ಇಳಿಯದಿರಲಿ ಅಂತ, ಅಂದರೆ ಹೊಡೆದವನು ಪೋಲಿಯಲ್ಲ, ಕೆಲಸ ಬಲ್ಲವನು, ಇದು ಉಳಿಯಲಿ ಅಂತ ಬಯಸಿದವನು. ಕುರಿಗಳು ಇಳಿಜಾರಿನ ಹುಲ್ಲು ಮೇಯುತ್ತಾ ಅಡ್ಡಡ್ಡ ನಡೆಯುತ್ತಿವೆ, ಮುಂದಿನ ತಿಂಗಳು ಇಲ್ಲಿ ಮಣ್ಣು ಹಾಕಿ, ಬಾಗು ಬದಲಿಸಿ, ಹಸಿರು ಪ್ಲಾಸ್ಟಿಕ್ ಚಾಪೆ ಹಾಸುತ್ತೇವೆ, ಬೇಸಿಗೆಯಲ್ಲೂ ಹಾರಬಹುದು, ಕುರಿಗಳಿಗೆ ಮಾತ್ರ ಯಾರೂ ತಿಳಿಸಿಲ್ಲ. ಏನೇ ಹೆರ್ದಿಸ್, ಕುರಿ ಎಣಿಸ್ತಿದ್ದೀಯೋ ಮೊಳೆ ಎಣಿಸ್ತಿದ್ದೀಯೋ, ಕೆಳಗಿನಿಂದ ಎಲ್ಲಿಂಗ್, ದಿನವೂ ಬಂದು ಮರದ ದಿಮ್ಮಿಯ ಮೇಲೆ ಕೂರುತ್ತಾರೆ, ಎಪ್ಪತ್ತೊಂಬತ್ತು ವಯಸ್ಸು, ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ಸುತ್ತಿದ ಕಂದು ಚೀಸಿನ ಬ್ರೆಡ್ಡು, ನಮ್ಮ ಕೆಲಸದಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ, ಹುಡುಕಲಿ ಪಾಪ, ಈ ಗುಡ್ಡದ ಕೈ ಅಳತೆಗಾರರಲ್ಲಿ ಉಳಿದವರು ಅವರೊಬ್ಬರೇ. ಎಂಬತ್ತನಾಲ್ಕರ ಕೆಳಗೆ ಒಂದು ಮೊಳೆ ಇದೆ ಎಲ್ಲಿಂಗ್, ಅನ್ನುತ್ತೇನೆ, ಸುಮ್ಮನೆ, ಗಾಳಿ ಬೀಸುತ್ತಿದೆ ಅನ್ನುವ ಹಾಗೆ. ಅವರು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದರು. ಇರತ್ತೆ, ಅಂದರು. ಯಾರದ್ದು ಅದು. ನಿಮ್ಮ ಅಮ್ಮನ್ನ ಕೇಳು.

ಅಮ್ಮ. ಅಮ್ಮ ಬಿದ್ದಿದ್ದಳು, ಮನೆಯಲ್ಲಿ ಅದೊಂದೇ ಕಥೆ, ಒಂದೇ ಸಾಲಿನದು, ಹತ್ತೊಂಬತ್ತರ ಬೋರ್ಗಿಲ್ಡ್, ಎಪ್ಪತ್ನಾಲ್ಕರ ಚಳಿಗಾಲ, ಹುಡುಗಿಯರಿಗೆ ಸ್ಪರ್ಧೆ ಇರಲಿಲ್ಲ, ಆದರೆ ಸ್ಪರ್ಧೆಗೆ ಮುಂಚೆ ಜಾಡು ಸರಿಯಿದೆಯೇ ನೋಡಲು ಒಬ್ಬಿಬ್ಬರನ್ನು ಮೊದಲು ಹಾರಿಸುತ್ತಿದ್ದರು, ಅದಕ್ಕೆ ಯಾರಾದರೂ ನಡೆಯುತ್ತಿತ್ತು, ಅಮ್ಮನಾದರೂ ಸರಿ, ಹಾರಿದೆ ಬಿದ್ದೆ ಬಿಟ್ಟೆ, ಅಷ್ಟೆ, ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಾ ಹೇಳುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ನನಗೆ ಏಳು ವರ್ಷ, ಕೈಯಲ್ಲಿ ಪಕ್ಕದ ಮನೆಯವರಿಂದ ಕೇಳಿ ತಂದ ಉದ್ದದ ಸ್ಕೀ, ಬಾಗಿಲಲ್ಲಿ ಅಮ್ಮ, ಬೇಡ, ನಾನು ಬಿದ್ದೆ ಗೊತ್ತಲ್ಲ, ಎಲ್ಲಿ ನೋವಾಯ್ತಮ್ಮಾ, ಅವಳು ಸ್ವಲ್ಪ ಯೋಚಿಸಿ ಸೊಂಟ ತೋರಿಸಿದಳು, ಇನ್ನೊಂದು ಸಲ ಕೇಳಿದಾಗ ಭುಜ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಹೆದರಿದೆ, ಒಮ್ಮೆಯೂ ಹಾರಲಿಲ್ಲ, ಹಾರುವವರಿಗೆ ಗುಡ್ಡ ಕಟ್ಟಿಕೊಡುವುದನ್ನು ಕಲಿತೆ, ನಲವತ್ತಾರು ವರ್ಷ ಬಿದ್ದವಳ ಮಗಳಾಗಿ ಬದುಕಿದ್ದೇನೆ. ಇನ್ನು ಆ ಕಿಟಕಿ, ಮನೆ ಕಟ್ಟುವಾಗ ಅಡುಗೆಮನೆಯ ಕಿಟಕಿಯನ್ನು ಅಮ್ಮ ಹಟ ಹಿಡಿದು ಬಿಸಿಲು ಬಾರದ ಉತ್ತರಕ್ಕೆ ಇಡಿಸಿದಳಂತೆ, ವಿದ್ಯಾರ್ಥಿಯಾಗಿದ್ದಾಗ ಆ ಮನೆಯ ನಕ್ಷೆ ಬರೆದು ಪ್ರಾಧ್ಯಾಪಕರಿಗೆ ತೋರಿಸಿದ್ದೆ, ಇಷ್ಟು ದಡ್ಡ ಕಿಟಕಿ ಯಾರಿಟ್ಟರು ಅಂತ ನಕ್ಕಿದ್ದರು, ನಾನೂ ನಕ್ಕಿದ್ದೆ, ದಕ್ಷಿಣದ ಕಿಟಕಿಯಿಂದ ಏನು ಕಾಣುತ್ತಿತ್ತು ಅಂತ ಯಾರೂ ಕೇಳಲಿಲ್ಲ, ಈ ಗುಡ್ಡ ಕಾಣುತ್ತಿತ್ತು.

ಬೀಳಲಿಲ್ಲ ಕಣೇ, ಎಲ್ಲಿಂಗ್ ಈಗ ಮೆಟ್ಟಿಲು ಹತ್ತಿ ಬಂದಿದ್ದಾರೆ, ಏದುಸಿರು, ಒಂದು ಕೈ ಕಟಾಂಜನದ ಮೇಲೆ, ಬೀಳೋದಿರಲಿ ಅಲುಗಾಡಲೂ ಇಲ್ಲ, ನಾನು ಇಲ್ಲೇ ನಿಂತಿದ್ದೆ, ಎಂಬತ್ತರಿಂದ ಕೆಳಗೆಲ್ಲ ನನ್ನ ಪಾಲು, ಅಷ್ಟು ದೂರ ಯಾರೂ ಬರೋದಿಲ್ಲ ಅಂತ ಹೊಸಬನನ್ನ ನಿಲ್ಲಿಸಿದ್ರು, ಬಂದಳು, ನನ್ನ ಮೂಗಿನ ಮುಂದೆ, ಕೈ ತಾನಾಗೇ ಹೋಯ್ತು, ಪರೀಕ್ಷೆಗೆ ಹಾರೋರನ್ನ ಅಳೀಬಾರದು, ಗೊತ್ತಿತ್ತು ನಂಗೆ, ತಪ್ಪೇ, ಆದ್ರೆ ಚಾಚಿಬಿಟ್ಟೆ. ಚಾಚಿದ ಕೈ, ನನಗೆ ಅದು ಕಾಣುತ್ತಿದೆ, ಇಪ್ಪತ್ತೆಂಟರ ಎಲ್ಲಿಂಗ್, ಉಣ್ಣೆಯ ಕೈಗವಸು, ಬೆರಳು ಹಿಮದ ಒಂದು ಗೆರೆಯ ಕಡೆಗೆ, ಮುಖ್ಯ ಅಳತೆಗಾರ ಸಂಖ್ಯೆ ಕೂಗುವವರೆಗೆ ಕೈ ಇಳಿಸಬಾರದು, ಅದು ನಿಯಮ, ಆಕಾಶ ಬಿದ್ದರೂ ಇಳಿಸಬಾರದು. ಕೂಗಿದರಾ ಎಲ್ಲಿಂಗ್. ಕೂಗಿದ ಸಿಗ್ವಾಲ್ಡ್, ಆಗ ಮುಖ್ಯ ಅಳತೆಗಾರ ಅವನೇ, ಕೂಗಿದ, ಕೈ ಇಳಿಸೋ ಮಂಕೇ, ಜಾಡು ನೋಡೋಕೆ ಬಿಟ್ಟ ಹುಡುಗಿ ಅದು, ಅಂತ, ಎಲ್ರೂ ನಕ್ಕರು, ಅದೇನು ಸಂಖ್ಯೆಯೇನೇ, ನಾನು ಇಳಿಸಲಿಲ್ಲ, ಮೊದಲನೇ ಸ್ಪರ್ಧಿ ಹಾರಿ ಬಂದ್ರೂ ಇಳಿಸಲಿಲ್ಲ, ಆಮೇಲೆ ಯಾರೋ ಬಂದು ಹಿಡಿದು ಕೆಳಗೆ ತಂದ್ರು. ಮೊಳೆ, ಅನ್ನುತ್ತೇನೆ. ಏಪ್ರಿಲ್‌ನಲ್ಲಿ ಹೊಡೆದೆ, ಹಿಮ ಕರಗಿದ ಮೇಲೆ, ಒಬ್ಬನೇ ಬಂದು, ತೋರಿಸಿದವನು ನಾನು, ಹಕ್ಕು ನಂದು. ಐವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲ ಎಲ್ಲಿಂಗ್, ನನ್ನ ಸ್ವರ ಏರುತ್ತದೆ, ಕೋಪ ಬಂದಿದೆ, ಹೌದು, ಬಂದಿದೆ. ಅವಳೇ ಬಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ರೆ ನಾನ್ಯಾರೇ ಸುಳ್ಳು ಅನ್ನೋಕೆ.

ಹನ್ನೊಂದೂ ಮುಕ್ಕಾಲು, ಕೆಳಗೆ ಗರಗಸದ ಲಾರಿ ಬಂದು ನಿಂತಿದೆ, ರಿಮಾಂತಸ್ ಮೇಲೆ ನೋಡುತ್ತಾನೆ, ಕೈಯಾಡಿಸಿ ತಡೆಯುತ್ತೇನೆ, ಇನ್ನೊಂದು ಕೈಯಲ್ಲಿ ಫೋನು, ರಿಂಗಾಗುತ್ತಿದೆ, ಅಮ್ಮ ಎತ್ತುವುದು ಏಳನೆಯ ರಿಂಗಿಗೆ, ಎಷ್ಟೇ ಹತ್ತಿರ ಕೂತಿದ್ದರೂ. ಏನೇ, ಊಟದ ಹೊತ್ತಲ್ಲಿ. ಅಮ್ಮಾ, ಕಟಾಂಜನದಲ್ಲಿ ಹನ್ನೆರಡು ಮೊಳೆ ಇದೆ. ಹನ್ನೊಂದು, ಅನ್ನುತ್ತಾಳೆ, ತಟ್ಟನೆ, ಎಪ್ಪತ್ತು ವರ್ಷದವಳು, ಒಮ್ಮೆಯೂ ಗುಡ್ಡದ ಕಡೆ ನೋಡದವಳು, ಲೆಕ್ಕ ಮಾತ್ರ ಬಾಯಲ್ಲೇ ಇದೆ. ಹನ್ನೆರಡಮ್ಮಾ, ಎಲ್ಲಿಂಗ್ ಹೊಡೆದದ್ದು. ಆ ಕಡೆ ಚಾಕುವನ್ನು ಕೆಳಗಿಟ್ಟ ಸದ್ದು. ನಾನು ಬಿದ್ದೆ ಹೆರ್ದಿಸ್. ಅವರು ಇಲ್ಲ ಅಂತಾರೆ. ನಲ್ಲಿ ತಿರುಗಿಸುತ್ತಾಳೆ, ನೀರಿನ ಸದ್ದು, ಆಮೇಲೆ ಅಮ್ಮನ ಸ್ವರವಲ್ಲದ ಒಂದು ಸ್ವರ, ಬಿದ್ದವಳನ್ನ ಎಷ್ಟು ಹಾರಿದೆ ಅಂತ ಯಾರೂ ಕೇಳಲ್ಲ ಕಣೇ, ನಿಂತವಳನ್ನ ಕೇಳ್ತಾರೆ, ಕೇಳಿದ್ರೆ ಏನು ಹೇಳಲಿ, ನಂಗೇ ಗೊತ್ತಿಲ್ಲ, ಬಿದ್ದೆ ಅನ್ನೋದೇ ಸುಲಭ ಆಯ್ತು, ಕೆಳಗೆ ನಿಂತು ಕಾದೆ, ಸ್ಕೀ ಬಿಚ್ಚದೇ ಕಾದೆ, ಆ ಹುಡುಗನ ಕೈ ಕಾಣ್ತಿತ್ತು, ಇಳಿಸಲೇ ಇಲ್ಲ ಅವನು, ಕೈ ಇದೆ ಅಂದ್ರೆ ಈಗ ಕೂಗ್ತಾರೆ ಅಂತ, ಈಗ ಕೂಗ್ತಾರೆ ಅಂತ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಆ ಹತ್ತೊಂಬತ್ತರ ಹುಡುಗಿಯ ಪಕ್ಕ ಹೋಗಿ ನಿಲ್ಲಬೇಕು ಅನ್ನಿಸುತ್ತದೆ. ಎಷ್ಟು, ಅನ್ನುತ್ತಾಳೆ. ಏನಮ್ಮಾ ಎಷ್ಟು. ಎಷ್ಟಿತ್ತು ಅಂತ ಕೇಳಿದೆ. ತಿರುಗಿ ನೋಡುತ್ತೇನೆ, ಎಲ್ಲಿಂಗ್ ಮೆಟ್ಟಿಲ ಅಂಚಿಗೆ ಬಂದು ನಿಂತಿದ್ದಾರೆ, ಕಾಲು ಜೋಡಿಸಿ, ಟೋಪಿ ಸರಿಮಾಡಿಕೊಂಡು, ಬಲಗೈ ಚಾಚಿದ್ದಾರೆ, ಬೆರಳು ಹುಲ್ಲಿನ ಕಡೆಗೆ, ಕೂಗಬೇಕಾದ ಸಿಗ್ವಾಲ್ಡ್ ಸತ್ತು ಇಪ್ಪತ್ತು ವರ್ಷ, ಇಲ್ಲಿ ಬೇರೆ ಯಾರಿದ್ದಾರೆ, ನಾನಿದ್ದೇನೆ, ಫೋನನ್ನು ಎತ್ತಿ ಹಿಡಿದು ಕಣಿವೆಗೆಲ್ಲ ಕೇಳುವ ಹಾಗೆ ಕೂಗುತ್ತೇನೆ, ಎಂಬತ್ತನಾಲ್ಕು, ಕುರಿಗಳು ತಲೆ ಎತ್ತುತ್ತವೆ, ಕೈ ಇಳಿಯುವುದಿಲ್ಲ, ಯಾಕೆ ಇಳಿಯುವುದಿಲ್ಲ, ಅರ್ಧ ಬಿಟ್ಟೆ ಕಣೇ, ಎಲ್ಲಿಂಗ್ ನನ್ನ ಕಡೆ ತಿರುಗದೆ ಹಲ್ಲು ಕಚ್ಚಿ ಹೇಳುತ್ತಾರೆ, ಅರ್ಧ ಬಿಡಬೇಡ — ಎಂಬತ್ತನಾಲ್ಕೂವರೆ, ಮತ್ತೆ ಕೂಗುತ್ತೇನೆ — ಮತ್ತು ಕೈ, ಆ ಚಾಚಿದ ಕೈ, ಮೆಲ್ಲಗೆ, ಮೆಲ್ಲಗೆ, ಕೆಳಗೆ ಬರುತ್ತಿದೆ.